‘ಎಕ್ಸೀಡ್ಸ್ ಅರೇಂಜ್‌ಮೆಂಟ್’ ಅಂದರೆ ಏನು? ಎಕ್ಸೀಡ್ ಪದವನ್ನು ಎಲ್ಲೆಲ್ಲಿ ಬಳಸಬಹುದು?

ಚೆಂಬೂರು ಗಲ್ಲಾ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಬೈಂದೂರು ಕಡೆಯವನು. ಚೆಂಬೂರಿನ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತೇನೆ. ಬಿಲ್ಲು, ಲೆಕ್ಕ, ಬ್ಯಾಂಕಿನ ಓಡಾಟ ಎಲ್ಲ ನನ್ನದೇ.

ಕಳೆದ ತಿಂಗಳು ಒಂದು ಕಂಪನಿಯ ಆಫೀಸ್ ಪೂಜೆಗೆ ಊಟ ಮಾಡಿ ಕೊಟ್ಟಿದ್ದೆವು. 120 ಎಲೆ ಎಂದು ಹೇಳಿದ್ದರು, ಕೊನೆಗೆ 150 ಎಲೆ ಬಿತ್ತು. ಅದಕ್ಕೆ ತಕ್ಕಂತೆ 48,000 ರೂಪಾಯಿಯ ಚೆಕ್ ಕೊಟ್ಟರು. ತಕರಾರು ಏನೂ ಮಾಡಲಿಲ್ಲ. ಈಗ ಆ ಚೆಕ್ ವಾಪಸ್ ಬಂದಿದೆ. ಜೊತೆಗೆ ಬಂದ ಮೆಮೊದಲ್ಲಿ ‘ಎಕ್ಸೀಡ್ಸ್ ಅರೇಂಜ್‌ಮೆಂಟ್’ ಎಂದಿದೆ. ನಮ್ಮ ಸೇಟ್ರು ಅದನ್ನು ನೋಡಿ, ‘ಹೇಳಿದ್ದಕ್ಕಿಂತ ಊಟ ಜಾಸ್ತಿ ಬಡಿಸಿದ್ದೀರಿ ಅಂತ ಬರೆದಿದ್ದಾರೆ, ಎಲೆ ಲೆಕ್ಕದಲ್ಲೇ ಜಗಳ ತೆಗೀತಾರೆ’ ಎಂದು ತಲೆ ಮೇಲೆ ಕೈಹೊತ್ತು ಕೂತಿದ್ದಾರೆ. ಅದು ಹಾಗೇನಾ?

ಇನ್ನೊಂದು. ಆ ಕಂಪನಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕು. ‘ಯುವರ್ ಲಿಮಿಟ್ ಹ್ಯಾಸ್ ಎಕ್ಸೀಡೆಡ್’ ಎಂದು ಬರೆದಿದ್ದೆ. ಪುಣೆಯಲ್ಲಿರುವ ಅಕ್ಕನ ಮಗಳು ಫೋನಿನಲ್ಲಿ ಕೇಳಿ, ‘ಮಾಮ, ಅದು ತಪ್ಪು’ ಅಂದಳು. ಯಾಕೆ ತಪ್ಪು ಎಂದು ಅವಳಿಗೂ ಹೇಳಲು ಬರಲಿಲ್ಲ. ಅವಳಿಗೇ ಈ ವರ್ಷ ಆಫೀಸಿನಲ್ಲಿ ‘ಎಕ್ಸೀಡ್ಸ್ ಎಕ್ಸ್‌ಪೆಕ್ಟೇಶನ್ಸ್’ ಎಂದು ರೇಟಿಂಗ್ ಬಂದಿದೆ, ಮನೆಯಲ್ಲಿ ಪೇಡ ಹಂಚಿದ್ದಾರೆ! ಅಲ್ಲಿ ಎಕ್ಸೀಡ್ ಅಂದರೆ ಪ್ರಮೋಶನ್, ಇಲ್ಲಿ ಎಕ್ಸೀಡ್ ಅಂದರೆ ಚೆಕ್ ವಾಪಸ್. ಡಿಕ್ಷನರಿಯಲ್ಲಿ ನೋಡಿದರೆ ‘ಮೀರು’ ಎಂದಷ್ಟೇ ಇದೆ. ಯಾರಾದರೂ ಬಿಡಿಸಿ ಹೇಳುತ್ತೀರಾ?

ವಾಶಿ ಕನ್ನಡಿಗ

ಎಕ್ಸೀಡ್ ಅಂದರೆ ಜಾಸ್ತಿ ಆಗುವುದು, ಅಷ್ಟೇ. ಅವರ ಖಾತೆಯಲ್ಲಿ ದುಡ್ಡಿಲ್ಲ, ಚೆಕ್ ಬೌನ್ಸ್ ಆಗಿದೆ. ಎಲೆ ಲೆಕ್ಕದ ಚಿಂತೆ ಬಿಡಿ.

ಡೊಂಬಿವಲಿ ಮಾಸ್ತರ್

ಗಲ್ಲಾ ಮಾರಾಯ್ರೇ, ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಒಂದು ಪದವನ್ನು ಇಷ್ಟು ಕಡೆಯಿಂದ ತಿರುಗಿಸಿ ನೋಡುವವರು ಕಡಿಮೆ. ನಾನು ಬ್ಯಾಂಕಿನ ಕ್ಲಿಯರಿಂಗ್ ವಿಭಾಗದಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಸಂಜೆ ಮೇಲೆ ಫೋರ್ಟ್ ಕಡೆಯ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಹೋಟೆಲ್ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಚೆಕ್ ವಿಷಯ. ಎಲೆ ಲೆಕ್ಕಕ್ಕೂ ಈ ಮೆಮೊಗೂ ಸಂಬಂಧವೇ ಇಲ್ಲ. ಸೇಟ್ರಿಗೆ ಈಗಲೇ ಹೋಗಿ ಹೇಳಿಬಿಡಿ. ಇಲ್ಲಿ ಅರೇಂಜ್‌ಮೆಂಟ್ ಅಂದರೆ ಊಟದ ಏರ್ಪಾಡಲ್ಲ. ಚೆಕ್ ಬರೆದವರಿಗೂ ಅವರ ಬ್ಯಾಂಕಿಗೂ ನಡುವೆ ಆದ ಒಪ್ಪಂದ. ವ್ಯಾಪಾರದವರಿಗೆ ಬ್ಯಾಂಕು ಓವರ್‌ಡ್ರಾಫ್ಟ್ ಅಥವಾ ಕ್ಯಾಶ್ ಕ್ರೆಡಿಟ್ ಕೊಡುತ್ತದೆ. ಖಾತೆಯಲ್ಲಿ ಸ್ವಂತ ದುಡ್ಡು ಇಲ್ಲದಿದ್ದರೂ ಇಂತಿಷ್ಟರ ತನಕ ತೆಗೆಯಬಹುದು ಎಂದು ಒಂದು ಗೆರೆ ಹಾಕಿರುತ್ತದೆ. ಆ ಗೆರೆ ಐದು ಲಕ್ಷ ಎಂದು ಇಟ್ಟುಕೊಳ್ಳಿ. ಅವರು ಆಗಲೇ 4,80,000 ಬಳಸಿದ್ದಾರೆ. ನಿಮ್ಮ 48,000 ಬಂದು ಸೇರಿದರೆ 5,28,000 ಆಗುತ್ತದೆ. ಗೆರೆಗಿಂತ 28,000 ಆಚೆ. ಬ್ಯಾಂಕು ‘ಇದು ನಮ್ಮ ಒಪ್ಪಂದವನ್ನು ಮೀರುತ್ತದೆ’ ಎಂದು ಚೆಕ್ ವಾಪಸ್ ಕಳಿಸುತ್ತದೆ.

ವಾಶಿಯವರು ‘ದುಡ್ಡಿಲ್ಲ’ ಎಂದರು. ಅದು ‘ಫಂಡ್ಸ್ ಇನ್‌ಸಫಿಶಿಯೆಂಟ್’. ಎರಡೂ ಅಕ್ಕಪಕ್ಕದ ಕಾರಣಗಳೇ, ಆದರೆ ಒಂದೇ ಅಲ್ಲ. ನಮ್ಮ ಕಾಲದ ರಿಟರ್ನ್ ಮೆಮೊ ಅಂದರೆ ಒಂದು ಸಣ್ಣ ಚೀಟಿ. ಕಾರಣಗಳು ಒಂದರ ಕೆಳಗೊಂದು ಅಚ್ಚಾಗಿರುತ್ತಿದ್ದವು. ಮೊದಲ ಸಾಲು ಫಂಡ್ಸ್ ಇನ್‌ಸಫಿಶಿಯೆಂಟ್. ಅದರ ಕೆಳಗೆ ಎಕ್ಸೀಡ್ಸ್ ಅರೇಂಜ್‌ಮೆಂಟ್. ಆಮೇಲೆ ಎಫೆಕ್ಟ್ಸ್ ನಾಟ್ ಕ್ಲಿಯರ್ಡ್ (ಖಾತೆಗೆ ಹಾಕಿದ ಚೆಕ್ಕಿನ ದುಡ್ಡು ಇನ್ನೂ ಬಂದು ಸೇರಿಲ್ಲ ಎಂದರ್ಥ), ಸಹಿ ತಾಳೆಯಾಗಿಲ್ಲ, ತಾರೀಖು ಸರಿ ಇಲ್ಲ, ಹೀಗೆ. ನಾವು ಸರಿಯಾದ ಸಾಲಿನ ಎದುರು ಟಿಕ್ ಹಾಕಿ, ಕೆಳಗೆ ಇನಿಷಿಯಲ್ ಗೀಚಿ, ಚೆಕ್ಕಿನ ಮೂಲೆಗೆ ಗುಂಡುಸೂಜಿ ಚುಚ್ಚಿ ಕಳಿಸುತ್ತಿದ್ದೆವು. ಟಿಕ್ ಒಂದು ಸಾಲು ಮೇಲೆ ಕೆಳಗೆ ಆದರೆ ಆಫೀಸರ್ ವಾಪಸ್ ಕರೆಸುತ್ತಿದ್ದರು. ಆ ಚೀಟಿಯೇ ನಾಳೆ ಕೋರ್ಟಿನಲ್ಲಿ ಸಾಕ್ಷಿ, ಅದಕ್ಕೆ.

ಕಾನೂನು ಕೂಡ ಈ ಎರಡನ್ನೂ ಹೆಸರು ಹಿಡಿದೇ ಹೇಳುತ್ತದೆ. ನೆಗೋಶಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ 1881ರದು. ಚೆಕ್ ಬೌನ್ಸ್ ಮಾಡುವುದು ಅಪರಾಧ ಎನ್ನುವ 138ನೇ ಸೆಕ್ಷನ್ ಅದಕ್ಕೆ ಸೇರಿ ಜಾರಿಗೆ ಬಂದದ್ದು 1989ರ ಏಪ್ರಿಲ್ 1ರಂದು. ಅದರಲ್ಲಿ ಖಾತೆಯ ಹಣ ಸಾಲದೆ ಹೋದರೆ ಅಥವಾ ಚೆಕ್ಕಿನ ಮೊತ್ತ ಬ್ಯಾಂಕಿನ ಜೊತೆ ಮಾಡಿಕೊಂಡ ಏರ್ಪಾಡನ್ನು ಎಕ್ಸೀಡ್ ಮಾಡಿದರೆ ಎಂದು ಎರಡೂ ಇದೆ. ಅಂದರೆ ನಿಮ್ಮ ಹಕ್ಕು ಎಲ್ಲೂ ಹೋಗಿಲ್ಲ.

ಈಗ ಪದಕ್ಕೆ ಬರೋಣ. ‘ಜಾಸ್ತಿ ಆಗುವುದು’ ಎನ್ನುವ ಅರ್ಥ ಸಾಲದು. ಟೊಮೆಟೊ ರೇಟು ಜಾಸ್ತಿ ಆದರೆ ಅದು ಇನ್‌ಕ್ರೀಸ್. ಟೊಮೆಟೊಗೆ ಇಂದು ಇಷ್ಟೇ ಖರ್ಚು ಮಾಡಬೇಕು ಎಂದು ಸೇಟ್ರು ಹೇಳಿದ್ದು, ಆ ಅಂಕಿಗಿಂತ ಬಿಲ್ಲು ಮೇಲೆ ಹೋದರೆ ಅದು ಎಕ್ಸೀಡ್. ಎಕ್ಸೀಡ್ ಎನ್ನಲು ಮೊದಲೇ ಒಂದು ಗುರುತು ಇರಬೇಕು. ಒಂದು ಅಂಕಿ, ಒಂದು ಮಿತಿ, ಒಂದು ಅಧಿಕಾರ, ಒಂದು ನಿರೀಕ್ಷೆ. ಗುರುತೇ ಇಲ್ಲದ ಕಡೆ ಎಷ್ಟು ಏರಿದರೂ ಎಕ್ಸೀಡ್ ಆಗುವುದಿಲ್ಲ. ಪದದ ಹುಟ್ಟೂ ಅದನ್ನೇ ಹೇಳುತ್ತದೆ. ಲ್ಯಾಟಿನ್‌ನಲ್ಲಿ ಎಕ್ಸ್ ಅಂದರೆ ಹೊರಗೆ, ಸೇದೆರೆ ಅಂದರೆ ಹೋಗು. ಗೆರೆಯಿಂದ ಹೊರಗೆ ಹೋಗುವುದು.

ಹಾಗಾಗಿ ರಾತ್ರಿಶಾಲೆಯಲ್ಲಿ ನಾನು ಹುಡುಗರಿಗೆ ಎರಡೇ ಪ್ರಶ್ನೆ ಕೇಳಲು ಹೇಳುತ್ತಿದ್ದೆ. ಯಾವುದು ಮೀರಿತು? ಯಾವುದನ್ನು ಮೀರಿತು? ಎಕ್ಸೀಡ್ ಪದದ ಎಡಕ್ಕೆ ಮೊದಲನೆಯದರ ಉತ್ತರ, ಬಲಕ್ಕೆ ಎರಡನೆಯದರ ಉತ್ತರ ಬರಬೇಕು. ನಿಮ್ಮ ಮೆಮೊದಲ್ಲಿ ಎಡಗಡೆ ಖಾಲಿ ಇದೆ, ಚೀಟಿಯಲ್ಲವೇ, ಜಾಗ ಇಲ್ಲ. ಅಲ್ಲಿ ‘ಈ ಚೆಕ್’ ಎಂದು ಸೇರಿಸಿಕೊಂಡು ಓದಬೇಕು. ಸೇಟ್ರು ಅಲ್ಲಿ ‘ಊಟ’ ಎಂದು ಸೇರಿಸಿಕೊಂಡು ಓದಿದರು, ಅಷ್ಟೇ ಆದದ್ದು.

ಈಗ ನಿಮ್ಮ ಅಕ್ಕನ ಮಗಳು ಹೇಳಿದ ತಪ್ಪು ನೋಡಿ. ‘ಯುವರ್ ಲಿಮಿಟ್ ಹ್ಯಾಸ್ ಎಕ್ಸೀಡೆಡ್.’ ಎಡಕ್ಕೆ ಲಿಮಿಟ್ ಬಂದು ಕೂತಿದೆ. ಅಂದರೆ ಲಿಮಿಟ್ಟೇ ಹೋಗಿ ಬೇರೇನನ್ನೋ ಮೀರಿತು ಎಂದಾಯಿತು. ಬಲಗಡೆ ಏನೂ ಇಲ್ಲ. ಲಿಮಿಟ್ ಮೀರುವುದಿಲ್ಲ, ಮೀರಿಸಿಕೊಳ್ಳುತ್ತದೆ. ‘ಯು ಹ್ಯಾವ್ ಎಕ್ಸೀಡೆಡ್ ದ ಲಿಮಿಟ್’ ಎನ್ನಬೇಕು. ಯಾರು ಮೀರಿದರು ಎಂದು ಹೇಳುವುದು ಬೇಡ ಎಂದಾದರೆ ‘ದ ಲಿಮಿಟ್ ಹ್ಯಾಸ್ ಬೀನ್ ಎಕ್ಸೀಡೆಡ್’. ಆ ‘ಬೀನ್’ ಬಿಟ್ಟರೆ ವಾಕ್ಯ ತಲೆಕೆಳಗಾಗುತ್ತದೆ.

ಇದು ನಮ್ಮವರಲ್ಲಿ ಯಾಕೆ ಇಷ್ಟು ಸಲೀಸಾಗಿ ಬರುತ್ತದೆ ಎಂದು ನಾನು ತುಂಬಾ ಯೋಚಿಸಿದ್ದೇನೆ. ಕನ್ನಡದಲ್ಲಿ ‘ಗಲಾಟೆ ಮಿತಿ ಮೀರಿತು’ ಎನ್ನುತ್ತೇವೆ. ಅಲ್ಲಿ ಮೀರಿದ್ದು ಗಲಾಟೆ, ಮಿತಿಯನ್ನು. ಆದರೆ ‘ಮಿತಿಯನ್ನು’ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ‘ಅನ್ನು’ ಉದುರಿಹೋಗಿದೆ. ಎಷ್ಟೋ ಸಲ ಗಲಾಟೆ ಎನ್ನುವುದನ್ನೂ ಬಿಟ್ಟು ‘ಮಿತಿ ಮೀರಿತು’ ಎಂದಷ್ಟೇ ಹೇಳುತ್ತೇವೆ. ಕೇಳುವವರಿಗೆ ಎಲ್ಲ ಅರ್ಥ ಆಗುತ್ತದೆ. ಕಿವಿಗೆ ಮಾತ್ರ ಮಿತಿಯೇ ಮೀರಿದ ಹಾಗೆ ಬೀಳುತ್ತದೆ. ಅದನ್ನು ಹಾಗೇ ಎತ್ತಿ ಇಂಗ್ಲಿಷಿನಲ್ಲಿ ಇಟ್ಟರೆ ‘ಲಿಮಿಟ್ ಹ್ಯಾಸ್ ಎಕ್ಸೀಡೆಡ್’. ನೀವು ಕನ್ನಡದಲ್ಲಿ ‘ಲಿಮಿಟ್ ಎಕ್ಸೀಡ್ ಆಗಿದೆ’ ಎಂದು ಎಷ್ಟು ಬೇಕಾದರೂ ಹೇಳಿ, ಅದರಲ್ಲಿ ಒಂದು ಚೂರೂ ತಪ್ಪಿಲ್ಲ. ನಮ್ಮ ‘ಆಗಿದೆ’ಯೇ ಇಂಗ್ಲಿಷಿನ ‘ಹ್ಯಾಸ್ ಬೀನ್’ ಕೆಲಸ ಮಾಡುತ್ತದೆ.

ಇನ್ನು ಪೇಡ ಮತ್ತು ಚೆಕ್ಕಿನ ಪ್ರಶ್ನೆ. ಹೊಗಳಿಕೆ, ಬೈಗುಳ ಎರಡೂ ಎಕ್ಸೀಡ್ ಪದದ ಒಳಗೆ ಇಲ್ಲ. ಅದು ಬಲಗಡೆಯ ಪದದಿಂದ ಬರುತ್ತದೆ. ಬಲಗಡೆ ಲಿಮಿಟ್, ಬಜೆಟ್, ಸ್ಪೀಡ್, ಅಥಾರಿಟಿ ಇದ್ದರೆ ಮೀರಿದ್ದು ತಪ್ಪು. ಎಕ್ಸ್‌ಪೆಕ್ಟೇಶನ್, ಟಾರ್ಗೆಟ್ ಇದ್ದರೆ ಮೀರಿದ್ದು ಮೆಚ್ಚುಗೆ. ನಮ್ಮ ‘ಮೀರು’ ಕೂಡ ಹಾಗೇ ಅಲ್ವಾ? ‘ಹುಡುಗ ಹದ್ದು ಮೀರಿದ’ ಎಂದರೆ ಬೈದದ್ದು. ‘ಈ ಸಲ ನಿರೀಕ್ಷೆ ಮೀರಿ ಬೆಳೆ ಬಂತು’ ಎಂದರೆ ಖುಷಿ. ಇಷ್ಟರ ಮಟ್ಟಿಗೆ ನಿಮ್ಮ ಡಿಕ್ಷನರಿ ಸರಿಯಾಗೇ ಹೇಳಿದೆ.

ಆದರೆ ‘ಮೀರು’ ಇದ್ದ ಕಡೆಯೆಲ್ಲ ಎಕ್ಸೀಡ್ ಹಾಕಬೇಡಿ. ‘ಅಪ್ಪನ ಮಾತು ಮೀರಿದ’ ಎಂದರೆ ಡಿಸ್‌ಒಬೇ. ‘ಹೊತ್ತು ಮೀರಿತು’ ಎಂದರೆ ಲೇಟ್ ಆಯಿತು. ‘ಪರಿಸ್ಥಿತಿ ಕೈ ಮೀರಿತು’ ಎಂದರೆ ಔಟ್ ಆಫ್ ಕಂಟ್ರೋಲ್. ಇಲ್ಲೆಲ್ಲ ಅಳತೆ ಇಲ್ಲ, ಎಕ್ಸೀಡ್ ಒಗ್ಗುವುದಿಲ್ಲ. ಹಾಗೆಯೇ ರಸ್ತೆ ದಾಟುವುದು, ಹೊಳೆ ದಾಟುವುದು ಕ್ರಾಸ್. ಮುಂದಿನ ಗಾಡಿಯನ್ನು ಹಿಂದೆ ಹಾಕುವುದು ಓವರ್‌ಟೇಕ್.

ಒಂದು ಕೊನೆಯ ಮಾತು. ಎಕ್ಸೀಡ್ ಪದದ ಮುಂದೆ ‘ದ್ಯಾನ್’ ಬೇಡ, ‘ಅಬೌ’ ಬೇಡ. ‘ಎಕ್ಸೀಡೆಡ್ ದ್ಯಾನ್ ದ ಬಜೆಟ್’ ಎಂದು ಬರೆಯುವವರು ಇದ್ದಾರೆ. ‘ಗಿಂತ’ ಎನ್ನುವುದು ಎಕ್ಸೀಡ್ ಒಳಗೇ ಇದೆ. ಎಷ್ಟು ಮೀರಿತು ಎಂದು ಹೇಳಲು ‘ಬೈ’ ಹಾಕಿ. ‘ಎಕ್ಸೀಡೆಡ್ ದ ಬಜೆಟ್ ಬೈ ಟು ಥೌಸಂಡ್’.

ಮಡಗಾಂವ್ ಸಾರಥಿ

ಮಾಸ್ತರ್, ನಿಮ್ಮ ಪಾಠ ಎರಡು ಸಲ ಓದಿದೆ. ನಾನು ಕಾರವಾರದವನು, ಗೋವಾದಲ್ಲಿ ಟೂರಿಸ್ಟ್ ಗಾಡಿ ಓಡಿಸುತ್ತೇನೆ. ನಮ್ಮ ಗಾಡಿಗಳ ಹಿಂದೆ 80 ಕಿ.ಮೀ. ಎಂದು ಬರೆದಿರುತ್ತದಲ್ಲ, ಸ್ಪೀಡ್ ಗವರ್ನರ್ ಹಾಕಿದ್ದಕ್ಕೆ. ನನ್ನ ಅನುಮಾನ ಏನೆಂದರೆ, ಮುಳ್ಳು ಸರಿಯಾಗಿ 80ರ ಮೇಲೆ ನಿಂತರೆ ಎಕ್ಸೀಡ್ ಆಯಿತಾ, ಇಲ್ವಾ? ನಾವು ಡ್ರೈವರ್‌ಗಳ ನಡುವೆ ಈ ಬಗ್ಗೆ ದೊಡ್ಡ ವಾದವೇ ಆಗಿದೆ.

ಡೊಂಬಿವಲಿ ಮಾಸ್ತರ್

ಆಗಲಿಲ್ಲ ಸಾರಥಿಗಳೇ. 80 ಒಳಗೇ ಸೇರಿದೆ. 80ಕ್ಕಿಂತ ಒಂದು ಕೂದಲೆಳೆ ಮೇಲೆ ಹೋದರೆ ಮಾತ್ರ ಎಕ್ಸೀಡ್. ಇದನ್ನು ಎಲ್ಲರೂ ಗಟ್ಟಿ ಮಾಡಿಕೊಳ್ಳಬೇಕು, ಯಾಕೆಂದರೆ ಕಾನೂನಿನ ಕಾಗದಗಳಲ್ಲಿ ‘ನಾಟ್ ಎಕ್ಸೀಡಿಂಗ್’ ಎಂದು ಹೆಜ್ಜೆ ಹೆಜ್ಜೆಗೂ ಬರುತ್ತದೆ. ‘ನಾಟ್ ಎಕ್ಸೀಡಿಂಗ್ 80’ ಎಂದರೆ 80 ಸೇರಿ ಅದರ ಕೆಳಗೆ. ‘ಲೆಸ್ ದ್ಯಾನ್ 80’ ಎಂದರೆ 80 ಸೇರಲಿಲ್ಲ. ‘ಎಕ್ಸೀಡಿಂಗ್ 80’ ಎಂದರೆ 80 ಹೊರಗೆ, ಅದರ ಮೇಲಿನದು ಮಾತ್ರ. ಕನ್ನಡದಲ್ಲಿ ‘80 ಮೀರದಂತೆ’ ಎನ್ನುವುದು ಸರಿಯಾದ ಸಾಟಿ. ‘80ರ ಒಳಗೆ’ ಎಂದರೆ ಜಗಳ ಶುರು. ಕೆಲವರು 80 ಸೇರಿಸಿಕೊಳ್ಳುತ್ತಾರೆ, ಕೆಲವರು ಇಲ್ಲ.

ಸ್ಪೀಡ್ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆ 1988ರಲ್ಲಿ ವೇಗದ ಮಿತಿ ಇರುವುದು 112ನೇ ಸೆಕ್ಷನ್‌ನಲ್ಲಿ, ಮೀರಿದವರಿಗೆ ದಂಡ 183ರಲ್ಲಿ. 2019ರ ತಿದ್ದುಪಡಿಯಲ್ಲಿ ಹಗುರ ವಾಹನಕ್ಕೆ ಸಾವಿರದಿಂದ ಎರಡು ಸಾವಿರದ ತನಕ ಎಂದು ಮಾಡಿದರು. ‘ತನಕ’ ಎಂದಿರುವಾಗ ಆ ಎರಡು ಸಾವಿರವೂ ಸೇರಿಯೇ ಲೆಕ್ಕ. ನಿಮ್ಮ ವಾದದಲ್ಲಿ ಯಾರು ‘80 ಸೇರಿದೆ’ ಎಂದರೋ ಅವರು ಸರಿ.

ಹಿಂಜವಡಿ ಹುಡುಗ

ಮಾಸ್ತರೇ, ಒಂದು ತಕರಾರು. ಗೆರೆ ದಾಟುವುದು ಎಂದರೆ ಓವರ್‌ಸ್ಟೆಪ್ ಕೂಡ ಅದೇ ಅಲ್ವಾ? ಕ್ರಿಕೆಟ್‌ನಲ್ಲಿ ಬೌಲರ್ ಓವರ್‌ಸ್ಟೆಪ್ ಮಾಡಿದ ಎನ್ನುತ್ತಾರೆ. ಅಲ್ಲೂ ಮಿತಿ ಇದೆ, ಮೀರಿದ್ದಾನೆ. ಹಾಗಿದ್ದರೆ ‘ಎಕ್ಸೀಡೆಡ್ ದ ಕ್ರೀಸ್’ ಎಂದು ಯಾಕೆ ಹೇಳಬಾರದು? ನೀವು ಅಳತೆ, ಗುರುತು ಎಂದು ತುಂಬಾ ಬಿಗಿ ಮಾಡಿದ್ದೀರಿ ಅನ್ನಿಸಿತು.

ಡೊಂಬಿವಲಿ ಮಾಸ್ತರ್

ಹುಡುಗರೇ, ತಕರಾರು ಬೇಕು. ಸುಮ್ನೆ ತಲೆಯಾಡಿಸಿದರೆ ಪಾಠ ಆಗುವುದಿಲ್ಲ.

ಓವರ್‌ಸ್ಟೆಪ್ ಪದದಲ್ಲಿ ಕಾಲು ಇದೆ. ನೆಲದ ಮೇಲೆ ಎಳೆದ ಗೆರೆ, ಅದರ ಆಚೆ ಇಟ್ಟ ಹೆಜ್ಜೆ. ಕ್ರೀಸ್ ಅಂತಹ ಗೆರೆ. ಎಕ್ಸೀಡ್ ಪದದಲ್ಲಿ ಇರುವುದು ಲೆಕ್ಕ, ಪ್ರಮಾಣ. ಬೌಲರ್‌ನ ಪಾದ ಎಷ್ಟು ಇಂಚು ಎಂದು ಅಂಪೈರ್ ಎಣಿಸುವುದಿಲ್ಲ, ಗೆರೆಯ ಹಿಂದೆ ಪಾದದ ಒಂದು ಭಾಗವಾದರೂ ಇದೆಯಾ ಎಂದು ನೋಡುತ್ತಾರೆ.

ಇಲ್ಲೇ ಒಂದು ಚಂದದ ವ್ಯತ್ಯಾಸ ಇದೆ, ಸಾರಥಿಗಳೂ ಕೇಳಿ. ಸ್ಪೀಡು 80ರ ಮೇಲೆ ನಿಂತರೆ ನೀವು ಒಳಗೆ. ಬೌಲರ್‌ನ ಹಿಮ್ಮಡಿ ಗೆರೆಯ ಮೇಲೆಯೇ ನಿಂತು, ಹಿಂದೆ ಒಂದು ಚೂರೂ ಇಲ್ಲದಿದ್ದರೆ ಅವನು ಹೊರಗೆ, ನೋ ಬಾಲ್. ಯಾಕೆಂದರೆ ಕ್ರಿಕೆಟ್ ಕಾನೂನಿನಲ್ಲಿ ಪಾಪಿಂಗ್ ಕ್ರೀಸ್ ಅಂದರೆ ಆ ಬಿಳಿ ಪಟ್ಟಿಯ ಹಿಂದಿನ ಅಂಚು. ಪಾದ ಅದರ ಹಿಂದೆ ಇರಬೇಕು, ಮೇಲೆ ಇದ್ದರೆ ಸಾಲದು. ಹಾಗಾಗಿ ‘ಮಿತಿ ಮೀರಿದ’ ಎನ್ನುವಾಗ ಮಿತಿ ನಮ್ಮ ಕಡೆಗೆ ಸೇರಿದ್ದಾ, ಆಚೆಗೆ ಸೇರಿದ್ದಾ ಎಂದು ಆಯಾ ನಿಯಮವನ್ನೇ ಕೇಳಬೇಕು. ಎಕ್ಸೀಡ್ ಎಂದಾಗ ಮಾತ್ರ ಅನುಮಾನ ಇಲ್ಲ, ಮಿತಿ ನಮ್ಮ ಕಡೆಗೇ.

ಒಂದು ಕಡೆ ನಿಮ್ಮ ಮಾತು ಒಪ್ಪುತ್ತೇನೆ. ಅಧಿಕಾರದ ವಿಷಯದಲ್ಲಿ ಎರಡೂ ನಡೆಯುತ್ತವೆ. ಮ್ಯಾನೇಜರ್ ತನಗಿಲ್ಲದ ಅಧಿಕಾರ ಚಲಾಯಿಸಿದರೆ ‘ಎಕ್ಸೀಡೆಡ್ ಹಿಸ್ ಅಥಾರಿಟಿ’ ಎನ್ನಬಹುದು, ‘ಓವರ್‌ಸ್ಟೆಪ್ಡ್’ ಎಂದೂ ಎನ್ನಬಹುದು. ನನ್ನ ಕಿವಿಗೆ ಎರಡನೆಯದರಲ್ಲಿ ಬೈಗುಳ ಸ್ವಲ್ಪ ಜಾಸ್ತಿ ಕೇಳಿಸುತ್ತದೆ. ನಮ್ಮಲ್ಲಿ ‘ಹದ್ದು ಮೀರಿದ’ ಎನ್ನುವಾಗಿನ ಬಿಸಿ ಅದರಲ್ಲಿದೆ. ಎಕ್ಸೀಡ್ ತಣ್ಣಗಿನ ಪದ, ಕಚೇರಿಯ ಪದ. ಜಗಳವಾಡುವಾಗ ಯಾರೂ ‘ಯು ಆರ್ ಎಕ್ಸೀಡಿಂಗ್’ ಎನ್ನುವುದಿಲ್ಲ.

ಓವರ್‌ಶೂಟ್ ಇನ್ನೊಂದು. ಲೋಕಲ್ ರೈಲು ನಿಲ್ಲಬೇಕಾದ ಜಾಗದಲ್ಲಿ ನಿಲ್ಲದೆ ಪ್ಲಾಟ್‌ಫಾರ್ಮ್ ಬಿಟ್ಟು ಮುಂದೆ ಹೋದರೆ ಅದು ಓವರ್‌ಶೂಟ್. ಗುರಿ ತಪ್ಪಿದ್ದು. ಅಲ್ಲೂ ಎಕ್ಸೀಡ್ ಬರುವುದಿಲ್ಲ.

ವಾಶಿ ಕನ್ನಡಿಗ

ಸರಿ ಮಾಸ್ತರ್, ಒಪ್ಪಿದೆ. ಎಕ್ಸೆಸ್ ಬಗ್ಗೆಯೂ ಹೇಳಿ. ಟಿಸಿ ಹಿಡಿದಾಗ ಎಕ್ಸೆಸ್ ಎನ್ನುತ್ತಾರೆ, ಮನೆಯಲ್ಲಿ ಸಾರಿಗೆ ಉಪ್ಪು ಎಕ್ಸೆಸ್ ಆಯ್ತು ಎನ್ನುತ್ತೇವೆ. ಎಕ್ಸೀಡ್, ಎಕ್ಸೆಸ್ ಎರಡೂ ಒಂದೇನಾ?

ಡೊಂಬಿವಲಿ ಮಾಸ್ತರ್

ಒಂದೇ ಬೇರಿನದು. ಎಕ್ಸೀಡ್ ಮಾಡುವ ಕೆಲಸ, ಎಕ್ಸೆಸ್ ಮೀರಿ ಉಳಿದ ಭಾಗ. ಸೆಕೆಂಡ್ ಕ್ಲಾಸ್ ಟಿಕೆಟ್ ಹಿಡಿದು ಫಸ್ಟ್ ಕ್ಲಾಸ್ ಡಬ್ಬಿ ಹತ್ತಿದವರಿಗೆ ಟಿಸಿ ಬರೆದು ಕೊಡುವ ರಸೀದಿಯ ಹೆಸರೇ ಎಕ್ಸೆಸ್ ಫೇರ್ ಟಿಕೆಟ್. ನೀವು ಕೊಟ್ಟದ್ದಕ್ಕಿಂತ ಮೇಲೆ ಬಾಕಿ ಉಳಿದ ಬಾಡಿಗೆ ಅದು. ಉಪ್ಪಿನ ಮಾತೂ ಸರಿ. ಆದರೆ ‘ಸಾಲ್ಟ್ ಎಕ್ಸೀಡೆಡ್’ ಎನ್ನಬೇಡಿ, ಬಲಗಡೆ ಖಾಲಿ!

ಸ್ಪೆಲಿಂಗ್ ಕೂಡ ಹೇಳಿಬಿಡುತ್ತೇನೆ, ನನ್ನ ಹುಡುಗರು ಇಲ್ಲೇ ಮುಗ್ಗರಿಸುತ್ತಿದ್ದದ್ದು. ಇಂಗ್ಲಿಷಿನಲ್ಲಿ ಸಿ-ಇ-ಇ-ಡಿ ಎಂದು ಮುಗಿಯುವ ಬಳಕೆಯ ಕ್ರಿಯಾಪದ ಮೂರೇ. ಎಕ್ಸೀಡ್, ಪ್ರೊಸೀಡ್, ಸಕ್ಸೀಡ್. ಎಸ್-ಇ-ಡಿ-ಇ ಎಂದು ಮುಗಿಯುವುದು ಒಂದೇ, ಸೂಪರ್‌ಸೀಡ್, ಅದರ ಬೇರೇ ಬೇರೆ, ‘ಕೂರು’ ಎನ್ನುವ ಲ್ಯಾಟಿನ್ ಪದ. ಉಳಿದ ಪ್ರಿಸೀಡ್, ಕನ್ಸೀಡ್, ರಿಸೀಡ್ ಎಲ್ಲ ಸಿ-ಇ-ಡಿ-ಇ. ಓದುವಾಗ ಮೊದಲ ಅಕ್ಷರವನ್ನು ‘ಎ’ಗಿಂತ ‘ಇ’ಗೆ ಹತ್ತಿರ ಇಡಿ, ಒತ್ತು ‘ಸೀಡ್’ ಮೇಲೆ ಬರಲಿ. ಇಕ್‌ಸೀಡ್.

ಪುಣೆ ಸೊಸೆ

ನಾನೇ ಆ ಪೇಡದ ಹುಡುಗಿ. ಮಾಮ ಲಿಂಕ್ ಕಳಿಸಿದರು. ಮಾಸ್ತರ್ ಹೇಳಿದ ಎಡ ಬಲದ ಲೆಕ್ಕ ನನ್ನ ರೇಟಿಂಗಿಗೂ ಹೊಂದುತ್ತದೆ. ನಮ್ಮಲ್ಲಿ ಸೆಲ್ಫ್ ಅಪ್ರೈಸಲ್‌ನಲ್ಲಿ ತುಂಬಾ ಜನ ‘ಐ ಹ್ಯಾವ್ ಎಕ್ಸೀಡೆಡ್ ಇನ್ ಮೈ ವರ್ಕ್’ ಎಂದು ಬರೆಯುತ್ತಾರೆ. ಮ್ಯಾನೇಜರ್ ಓದಿ, ಏನನ್ನು ಎಂದು ಕೇಳುತ್ತಾರೆ. ಉತ್ತರ ಇರುವುದಿಲ್ಲ. ಅವರು ಹೇಳಬೇಕೆಂದಿದ್ದು ಎಕ್ಸೆಲ್. ಅದಕ್ಕೆ ‘ಇನ್’ ಹೊಂದುತ್ತದೆ, ಗೆರೆ ಬೇಕಿಲ್ಲ. ನಾನು ವರ್ಷದ ಮೊದಲೇ ಟಾರ್ಗೆಟ್ ಬರೆಸಿಕೊಂಡಿದ್ದೆ. ಮುಗಿಸಿದ್ದು ಅದಕ್ಕಿಂತ ಮೇಲೆ ಇತ್ತು. ಹಾಗಾಗಿ ಎಕ್ಸೀಡ್ಸ್ ಎಂದು ಬರೆಯಲು ಅವರಿಗೂ ಸುಲಭ ಆಯಿತು. ಬರಿ ಕಷ್ಟಪಟ್ಟು ದುಡಿದೆ ಎಂದರೆ ‘ಮೀಟ್ಸ್’ ಎಂದು ಕೊಟ್ಟು ಕೂರಿಸುತ್ತಾರೆ.

ಮಾಮ, ಪತ್ರದಲ್ಲಿ ಆ ಸಾಲು ಬದಲಿಸಿದ್ರಾ?

ಚೆಂಬೂರು ಗಲ್ಲಾ

ಬದಲಿಸಿದೆ ಮಗಳೇ. ಮಾಸ್ತರೇ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಮೆಮೊದ ಅರ್ಥ ಸೇಟ್ರಿಗೆ ಹೇಳಿದ ಮೇಲೆ ಅವರು ಮಧ್ಯಾಹ್ನ ಸರಿಯಾಗಿ ಊಟ ಮಾಡಿದರು. ಈಗ ಪತ್ರ ಹೀಗಿದೆ, ದಯವಿಟ್ಟು ನೋಡಿ. ‘ಯು ಹ್ಯಾವ್ ಎಕ್ಸೀಡೆಡ್ ಯುವರ್ ಲಿಮಿಟ್ ವಿತ್ ಯುವರ್ ಬ್ಯಾಂಕ್. ಪ್ಲೀಸ್ ಪೇ ರುಪೀಸ್ 49,500.’ ಚೆಕ್ಕಿನ 48,000, ನಮ್ಮ ಬ್ಯಾಂಕು ಕತ್ತರಿಸಿದ ಚಾರ್ಜು, ಓಡಾಟದ ಖರ್ಚು ಎಲ್ಲ ಸೇರಿಸಿ ಹಾಕಿದ್ದೇನೆ.

ಶಿವಾಜಿನಗರ ಟೈಪಿಸ್ಟ್

ಗಲ್ಲಾ ಅಣ್ಣ, ನಿಲ್ಲಿ, ಕಳಿಸಬೇಡಿ. ನಾನು ಪುಣೆ ಕೋರ್ಟಿನ ಹತ್ತಿರ ವಕೀಲರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತೇನೆ. 138ರ ನೋಟಿಸು ದಿನಾ ಹೊಡೆಯುವ ಕೆಲಸ. ನಿಮ್ಮ ಪತ್ರದಲ್ಲಿ ಗ್ರಾಮರ್ ಸರಿಯಾಗಿದೆ, ಉಳಿದದ್ದು ತೊಂದರೆ ಕೊಡುತ್ತದೆ.

ಒಂದು, ಮೊತ್ತ. ನೋಟಿಸಿನಲ್ಲಿ ಚೆಕ್ಕಿನ ಮೊತ್ತವನ್ನೇ ಕೇಳಬೇಕು, ಒಂದು ರೂಪಾಯಿ ಹೆಚ್ಚೂ ಬೇಡ, ಕಮ್ಮಿಯೂ ಬೇಡ. ಎಲ್ಲ ಕಲೆಸಿ 49,500 ಎಂದು ಒಂದೇ ಅಂಕಿ ಹಾಕಿದರೆ ಎದುರಿನ ವಕೀಲರು ಮೊದಲು ಅದನ್ನೇ ಹಿಡಿಯುತ್ತಾರೆ. ನೋಟಿಸೇ ಸರಿ ಇಲ್ಲ ಎಂದು ಕೇಸ್ ಬಿದ್ದುಹೋಗಬಹುದು. ಚಾರ್ಜು, ಬಡ್ಡಿ ಬೇಕಿದ್ದರೆ ಬೇರೆ ಪ್ಯಾರಾದಲ್ಲಿ, ಬೇರೆ ಅಂಕಿಯಲ್ಲಿ ಬರೆಯಿರಿ. ಮಾಸ್ತರ್ ಭಾಷೆಯಲ್ಲಿ ಹೇಳಬೇಕೆಂದರೆ ನಿಮ್ಮ ಡಿಮಾಂಡು ಚೆಕ್ಕನ್ನು ಎಕ್ಸೀಡ್ ಮಾಡಬಾರದು.

ಇನ್ನೊಂದು, ದಿನ. ಮೆಮೊ ನಿಮ್ಮ ಕೈಗೆ ಬಂದ ಮೇಲೆ 30 ದಿನದ ಒಳಗೆ ನೋಟಿಸು ಹೋಗಬೇಕು. ಅವರಿಗೆ ತಲುಪಿದ ಮೇಲೆ ದುಡ್ಡು ಕೊಡಲು 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳಲ್ಲಿ ಕೋರ್ಟಿಗೆ. ಚೆಕ್ಕಿಗೆ ಮೂರು ತಿಂಗಳು ಜೀವ, 2012ರಿಂದ ಹಾಗೆ. ಅಷ್ಟರಲ್ಲಿ ಇನ್ನೊಮ್ಮೆ ಬ್ಯಾಂಕಿಗೆ ಹಾಕಲೂಬಹುದು. ಆದರೆ 30 ದಿನದ ಕೊನೆಯ ತನಕ ಎಳೆಯಬೇಡಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ, ತಲುಪಿದ ದಾಖಲೆ ಎರಡನ್ನೂ ಇಟ್ಟುಕೊಳ್ಳಿ. ಸಾಧ್ಯವಾದರೆ ವಕೀಲರ ಲೆಟರ್‌ಹೆಡ್‌ನಲ್ಲೇ ಹೋಗಲಿ.

ಮತ್ತೆ, ‘ಯು ಹ್ಯಾವ್ ಎಕ್ಸೀಡೆಡ್ ಯುವರ್ ಲಿಮಿಟ್’ ಎನ್ನುವ ಸಾಲೇ ಬೇಡ ಅಣ್ಣ. ಅವರ ಲಿಮಿಟ್ ಎಷ್ಟು ಎಂದು ನಿಮಗೇನು ಗೊತ್ತು? ಅದು ಅವರ, ಅವರ ಬ್ಯಾಂಕಿನ ನಡುವಿನ ಮಾತು. ಮೆಮೊದಲ್ಲಿ ಏನಿದೆಯೋ ಅದನ್ನು ಅಕ್ಷರ ಬದಲಿಸದೆ ಎತ್ತಿ ಬರೆಯಿರಿ.

ಡೊಂಬಿವಲಿ ಮಾಸ್ತರ್

ತಂಗಿ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಗ್ರಾಮರ್ ನೋಡಿದೆ, ನೀವು ಕೆಲಸ ನೋಡಿದಿರಿ. ಗಲ್ಲಾ ಮಾರಾಯ್ರೇ, ಆ ಸಾಲಿನ ಜಾಗಕ್ಕೆ ಇದನ್ನು ಹಾಕಿ. ‘ಯುವರ್ ಚೆಕ್ ವಾಸ್ ರಿಟರ್ನ್ಡ್ ಅನ್‌ಪೇಯ್ಡ್ ವಿತ್ ದ ರಿಮಾರ್ಕ್’ ಎಂದು ಬರೆದು, ಕೋಟ್ ಒಳಗೆ ‘ಎಕ್ಸೀಡ್ಸ್ ಅರೇಂಜ್‌ಮೆಂಟ್’. ಕೋಟ್ ಒಳಗೆ ಇರುವುದನ್ನು ‘ಎಕ್ಸೀಡೆಡ್’ ಎಂದು ತಿದ್ದಲು ಹೋಗಬೇಡಿ. ಚೆಕ್ ವಾಪಸ್ ಬಂದದ್ದು ಹಿಂದೆ, ಹಾಗಾಗಿ ‘ವಾಸ್’ ಸರಿ. ಒಳಗಿನದು ಬ್ಯಾಂಕಿನ ಮಾತು, ಬ್ಯಾಂಕು ಹೇಗೆ ಬರೆದಿದೆಯೋ ಹಾಗೇ ಇರಲಿ.

ಚೆಂಬೂರು ಗಲ್ಲಾ

ಆಯಿತು. ಎರಡು ಪ್ಯಾರಾ ಮಾಡಿದೆ. ಮೇಲೆ 48,000, ಕೆಳಗೆ 1,500 ಬೇರೆ. ಮೆಮೊ ಬಂದದ್ದು ಮೊನ್ನೆ, ಅಂದರೆ ದಿನ ಬೇಕಾದಷ್ಟಿದೆ. ಸೇಟ್ರ ಪರಿಚಯದ ವಕೀಲರು ಸಾಯನ್‌ನಲ್ಲಿ ಇದ್ದಾರೆ, ನಾಳೆ ಬೆಳಗಿನ ತಿಂಡಿ ರಶ್ ಮುಗಿದ ಮೇಲೆ ಚೆಕ್, ಮೆಮೊ, ಬಿಲ್ಲಿನ ಕಾಪಿ ತಗೊಂಡು ಹೋಗುತ್ತೇನೆ. 150 ಎಲೆಯ ಲೆಕ್ಕಕ್ಕೆ ಅವರ ಮ್ಯಾನೇಜರ್ ಸಹಿ ಮಾಡಿದ ಚಲನ್ ಕೂಡ ಸಿಕ್ಕಿದೆ, ಅದನ್ನೂ ಇಡುತ್ತೇನೆ.